ಕೊನೆಯಿಲ್ಲದ ಶಿಕ್ಷೆಯನ್ನು ನ್ಯಾಯವೆಂದು ಕರೆಯಬಹುದೇ?

ಪ್ರಶ್ನೆ: ಮೂಡಿಗೆರೆ ತೋಟದವನು

ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಸಂಜೆ ನಮ್ಮ ಧರ್ಮಕೇಂದ್ರದ ಸ್ಮಶಾನದಲ್ಲಿ ಮೇಣದಬತ್ತಿ ಹಚ್ಚುತ್ತಿದ್ದಾಗ, ಗಾಳಿಗೆ ಆರದಂತೆ ಬತ್ತಿಗೆ ಅಂಗೈ ಅಡ್ಡ ಹಿಡಿದಿದ್ದ ನನ್ನ ಹನ್ನೊಂದು ವರ್ಷದ ಮಗಳು, "ಅಪ್ಪಾ, ಸಕಲೇಶಪುರದ ತಾತನಿಗೆ ಎಲ್ಲಿ ಹಚ್ಚುವುದು?" ಎಂದು ಕೇಳಿದಳು. ಆ ತಾತ ನನ್ನ ಮಾವನವರು. ದೀಕ್ಷಾಸ್ನಾನ ಪಡೆದವರಲ್ಲ, ಹೇಮಾವತಿಯ ದಂಡೆಯಲ್ಲಿ ದಹನವಾದವರು. ನಾನು ಉತ್ತರ ಹುಡುಕುವಷ್ಟರಲ್ಲಿ ಪಕ್ಕದಲ್ಲಿದ್ದ ನೆಂಟರೊಬ್ಬರು, ಅವರಿಗೆ ಇನ್ನು ಬತ್ತಿ ಹಚ್ಚಿ ಪ್ರಯೋಜನವಿಲ್ಲ, ಅವರು ಆರದ ಬೆಂಕಿಯಲ್ಲಿದ್ದಾರೆ ಎಂದುಬಿಟ್ಟರು. ಮಗಳು ಮನೆ ಸೇರುವವರೆಗೂ ಮಾತನಾಡಲಿಲ್ಲ.

ನಾನು ಹುಟ್ಟಿನಿಂದ ಕಥೋಲಿಕ. ವಿಶ್ವಾಸವನ್ನು ಬಿಡಲು ನೆಪ ಹುಡುಕುತ್ತಿಲ್ಲ. ಆದರೆ ಎಪ್ಪತ್ತು ವರ್ಷದ ಬದುಕಿನಲ್ಲಿ ಮನುಷ್ಯ ಎಷ್ಟೇ ತಪ್ಪು ಮಾಡಲಿ, ಅದಕ್ಕೆ ಎಂದೂ ಮುಗಿಯದ ಯಾತನೆಯನ್ನು ವಿಧಿಸುವವನನ್ನು ನಾವು "ಒಳ್ಳೆಯವನು" ಎಂದು ಸ್ತುತಿಸುವಾಗ, ಆ ಮಾತಿಗೆ ನಾವು ದಿನನಿತ್ಯ ಬಳಸುವ ಅರ್ಥವೇ ಇದೆಯೋ, ಇಲ್ಲ ಬೇರೇನೋ ಇದೆಯೋ? ತಿಳಿದವರು ಹೇಳಬೇಕು.

ಉತ್ತರ: ಧರ್ಮೋಪದೇಶದ ಟೀಚರ್, ಚಿಕ್ಕಮಗಳೂರು

ಮೊದಲು ತಾತನ ವಿಷಯ, ಏಕೆಂದರೆ ಅದು ಬೇಗ ಮುಗಿಯುತ್ತದೆ. ನಿಮ್ಮ ನೆಂಟರು ಹೇಳಿದ್ದು ನಮ್ಮ ಧರ್ಮಸಭೆಯ ಬೋಧನೆಯಲ್ಲ. ತಮ್ಮದಲ್ಲದ ಕಾರಣದಿಂದ ಕ್ರಿಸ್ತನನ್ನು ಅರಿಯದೆ, ಮನಸ್ಸಾಕ್ಷಿಗೆ ತಕ್ಕಂತೆ ಬದುಕಿದವರೂ ರಕ್ಷಣೆ ಹೊಂದಬಲ್ಲರು ಎಂದು ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿಯೇ ಹೇಳಿದೆ. ಬೇರೆಡೆ ಮಣ್ಣಾದವರಿಗೆ, ಸಮಾಧಿಯೇ ಇಲ್ಲದವರಿಗೆ ಸ್ಮಶಾನದ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚುವುದನ್ನು ನೀವೂ ನೋಡಿರುತ್ತೀರಿ. ಮಗಳಿಗೆ ಆ ಜಾಗ ತೋರಿಸಿ.

ಇನ್ನು ಕಷ್ಟದ ಭಾಗ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ನರಕವನ್ನು, ಮನುಷ್ಯ ದೇವರಿಂದ ತನ್ನನ್ನು ತಾನೇ ಶಾಶ್ವತವಾಗಿ ಹೊರಗಿಟ್ಟುಕೊಂಡ ಸ್ಥಿತಿ ಎಂದು ವಿವರಿಸುತ್ತದೆ. ದೇವರು ಯಾರನ್ನೂ ನರಕಕ್ಕೆಂದು ಮೊದಲೇ ನೇಮಿಸಿಲ್ಲವೆಂದೂ ಹೇಳುತ್ತದೆ. ಒತ್ತಾಯದಿಂದ ಪ್ರೀತಿ ಹುಟ್ಟುವುದಿಲ್ಲವಾದ್ದರಿಂದ, ಬೇಡವೆನ್ನುವ ಸ್ವಾತಂತ್ರ್ಯವನ್ನು ದೇವರು ಕಿತ್ತುಕೊಳ್ಳುವುದಿಲ್ಲ ಎಂಬುದು ಇದರ ತಿರುಳು. ಆದರೂ ಜಪಸರದ ಪ್ರತಿ ಹತ್ತು ಮಣಿ ಮುಗಿದಾಗ ನಾವು ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಕರೆದೊಯ್ಯೆಂದು ಬೇಡುತ್ತೇವಲ್ಲ. ಆಗದ ಕೆಲಸವನ್ನು ಬೇಡಿಕೊಳ್ಳಿರೆಂದು ಯಾರೂ ನಮಗೆ ಕಲಿಸಿರಲಾರರು.

ಉತ್ತರ: ಹಾಸನದ ವಕೀಲ

ಟೀಚರ್ ಅವರ ಮಾತನ್ನು ಗೌರವದಿಂದಲೇ ಪ್ರಶ್ನಿಸುತ್ತೇನೆ. ನಾನು ಯಾವ ಮತವನ್ನೂ ಆಚರಿಸುವವನಲ್ಲ, ಆದರೆ ಶಿಕ್ಷೆಯ ಪ್ರಮಾಣದ ಕುರಿತು ವಾದಿಸುವುದೇ ನನ್ನ ಕಸುಬು.

ಮಧ್ಯಯುಗದ ಕ್ರೈಸ್ತ ಚಿಂತಕರಲ್ಲಿ ಆನ್ಸೆಲ್ಮ್‌ನಿಂದ ಅಕ್ವಿನಾಸ್‌ವರೆಗೆ ಕೇಳಿಬರುವ ಹಳೆಯ ಸಮರ್ಥನೆಯ ಪ್ರಕಾರ, ದೇವರ ಮಹಿಮೆಗೆ ಮಿತಿಯಿಲ್ಲದ ಕಾರಣ ಆತನಿಗೆ ಎಸಗಿದ ಅಪರಾಧಕ್ಕೂ ಮಿತಿಯಿಲ್ಲ. ನೊಂದವನ ಅಂತಸ್ತನ್ನು ನೋಡಿ ದಂಡವನ್ನು ಅಳೆಯುವ ಈ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ. ಒಂದೇ ಬೈಗುಳಕ್ಕೆ ವರ್ಣ ನೋಡಿ ಬೇರೆ ಬೇರೆ ದಂಡವನ್ನು ಮನುಸ್ಮೃತಿಯೂ ವಿಧಿಸಿತ್ತು. ಅದನ್ನು ಅನ್ಯಾಯವೆಂದು ಕಂಡೇ ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುವ ಸಂವಿಧಾನದ 14ನೇ ವಿಧಿಯನ್ನು ನಾವು ಬರೆದುಕೊಂಡೆವು. ಭೂಮಿಯ ಮೇಲೆ ತಪ್ಪೆನಿಸಿದ ಅಳತೆಗೋಲು ಮೇಲಿನ ಲೋಕದಲ್ಲಿ ಸರಿಯಾಗುವುದು ಹೇಗೆ?

ಸ್ವಾತಂತ್ರ್ಯದ ವಾದ ಇದಕ್ಕಿಂತ ಗಟ್ಟಿಯಾಗಿದೆ, ಒಪ್ಪುತ್ತೇನೆ. ಆದರೆ ಕೊಲೆಗೆ ಜೀವಾವಧಿ ಶಿಕ್ಷೆಯಾದವನ ಕಡತವನ್ನು ಸಾಮಾನ್ಯವಾಗಿ 14 ವರ್ಷ ಕಳೆದ ಮೇಲೆ ಮತ್ತೆ ತೆರೆಯಬಹುದು. ಬಿಡುಗಡೆ ಅವನ ಹಕ್ಕಲ್ಲ, ಆದರೂ ಅವನು ಬದಲಾಗಿದ್ದಾನೆಯೇ ಎಂದು ಕೇಳುವುದಕ್ಕೆ ದಾರಿಯಿದೆ. ಸತ್ತ ಮರುಕ್ಷಣವೇ ಪಶ್ಚಾತ್ತಾಪಕ್ಕೆ ಬೆಲೆಯಿಲ್ಲವೆಂದರೆ, ಬಾಗಿಲು ಹಾಕಿದವರು ಒಳಗಿರುವವರೋ ಹೊರಗಿರುವವರೋ?

ಉತ್ತರ: ಸಭೆಯ ಹಿರಿಯ, ಹಾಸನ

ನಾನು ಪ್ರೊಟೆಸ್ಟಂಟ್; ಮೊದಲು ಬೈಬಲಿನ ವಚನ ಏನೆನ್ನುತ್ತದೆ ಎಂದು ನೋಡುವುದು ನಮ್ಮ ರೂಢಿ. ಮತ್ತಾಯ 25:46ರಲ್ಲಿ ನಿತ್ಯದಂಡನೆ, ನಿತ್ಯಜೀವ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ, ಎರಡಕ್ಕೂ ಗ್ರೀಕಿನಲ್ಲಿರುವುದು "ಅಯೋನಿಯೋಸ್" ಎಂಬ ಒಂದೇ ಪದ. ಅದರ ಬೇರು ಯುಗ ಎಂಬ ಅರ್ಥದ "ಅಯೋನ್" ಆದ್ದರಿಂದ ದಂಡನೆಗೆ ಕೊನೆಯಿರಬಹುದೆಂದು ಕೆಲವರು ವಾದಿಸುತ್ತಾರೆ. ಹಾಗಾದರೆ ಜೀವಕ್ಕೂ ಕೊನೆಯಿರಬೇಕಾಗುತ್ತದೆ ಎಂದು ಆದಿಸಭೆಯ ಬಿಷಪ್ ಅಗಸ್ಟೀನ್ ಸಾವಿರದ ಆರುನೂರು ವರ್ಷಗಳ ಹಿಂದೆಯೇ ಕೊಟ್ಟ ಉತ್ತರವನ್ನು ಪಕ್ಕಕ್ಕೆ ಸರಿಸುವುದು ಸುಲಭವಲ್ಲ. ಎಲ್ಲರೂ ಕೊನೆಗೆ ದೇವರಲ್ಲಿ ಒಂದಾಗುವರೆಂಬ, ಆದಿಸಭೆಯ ಚಿಂತಕ ಓರಿಗೆನ್ನನ ಹೆಸರಿಗೆ ಅಂಟಿದ ಬೋಧನೆ 6ನೇ ಶತಮಾನದಲ್ಲಿ ಖಂಡನೆಗೊಳಗಾಯಿತು. ಆದರೆ ಮತ್ತಾಯ 10:28 ನರಕದಲ್ಲಿ ಆತ್ಮವನ್ನೂ ದೇಹವನ್ನೂ ನಾಶಮಾಡಬಲ್ಲವನ ಬಗ್ಗೆ ಹೇಳುತ್ತದೆ. ಯಾತನೆ ನಿರಂತರವಲ್ಲ, ನಾಶವೇ ನಿರಂತರ ಎಂಬ ಕಡೆಗೆ ಇಂಗ್ಲೆಂಡಿನ ಬೋಧಕ ಜಾನ್ ಸ್ಟಾಟ್ ಅವರಂಥ ಸಂಪ್ರದಾಯನಿಷ್ಠರೂ 1988ರಲ್ಲಿ ಒಲವು ತೋರಿಸಿದರು. ನನಗೂ ಅದೇ ಸರಿಯೆನಿಸುತ್ತದೆ, ಸಭೆಯಲ್ಲಿ ಮಾತ್ರ ಗಟ್ಟಿಯಾಗಿ ಹೇಳಿಲ್ಲ.

ಇನ್ನೊಂದು ಸಂಗತಿ. ನರಕಕ್ಕೆ ಯೇಸು ಬಳಸಿದ "ಗೆಹೆನ್ನ" ಎಂಬ ಹೆಸರು ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯದು. ಅಲ್ಲಿ ಜನರು ತಮ್ಮ ಮಕ್ಕಳನ್ನು ಬೆಂಕಿಗೆ ಬಲಿಕೊಟ್ಟಾಗ, ಇದನ್ನು ನಾನು ಆಜ್ಞಾಪಿಸಲೂ ಇಲ್ಲ, ಇದು ನನ್ನ ಮನಸ್ಸಿಗೆ ಬರಲೂ ಇಲ್ಲ ಎಂದು ದೇವರು ಪ್ರವಾದಿ ಯೆರೆಮೀಯನ ಬಾಯಲ್ಲಿ ಹೇಳಿಸುತ್ತಾನೆ (ಯೆರೆಮೀಯ 7:31). ಮನಸ್ಸಿಗೇ ಬರಲಿಲ್ಲವೆಂದ ಆ ಬೆಂಕಿಯನ್ನು ನಾವು ಆತನ ಕೈಗೇ ಕೊಟ್ಟುಬಿಟ್ಟೆವೇನೋ ಎಂದು ಓದಿದಾಗಲೆಲ್ಲ ಅನ್ನಿಸುತ್ತದೆ.

ಉತ್ತರ: ಮಾಧ್ವರ ಮನೆಯವನು, ಚಿಕ್ಕಮಗಳೂರು

ಇದು ಕ್ರೈಸ್ತರಿಗೆ ಮಾತ್ರ ಇರುವ ಸಂಕಟವಲ್ಲವೆಂದು ಹೇಳಲು ಬರೆಯುತ್ತಿದ್ದೇನೆ. ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ಬಗೆಯನ್ನು ಮಧ್ವಾಚಾರ್ಯರು ಹೇಳುತ್ತಾರೆ. ಮೂರನೆಯವರು ತಾವು ಸೇರುವ ಅಂಧತಮಸ್ಸೆಂಬ ಕಡುಗತ್ತಲಿನ ನರಕದಿಂದ ಮರಳುವುದಿಲ್ಲ. ಚಿಕ್ಕಂದಿನಲ್ಲಿ ಊಟದ ಎಲೆಯ ಮುಂದೆ ಕುಳಿತು ನಾನು ಯಾವ ಗುಂಪೆಂದು ಅಜ್ಜನನ್ನು ಕೇಳಿ ಗದರಿಸಿಕೊಂಡಿದ್ದೇನೆ. ಆದರೆ ದ್ವೈತದಲ್ಲಿ ಜೀವ ಅನಾದಿ, ಅದರ ಸ್ವಭಾವವೂ ಅನಾದಿ. ದೇವರು ಅದನ್ನು ಇಲ್ಲದಿದ್ದಲ್ಲಿಂದ ಹುಟ್ಟಿಸಿದವನಲ್ಲ. ಕ್ರೈಸ್ತ ದೇವರಾದರೋ ಶೂನ್ಯದಿಂದ ಸೃಷ್ಟಿಸಿದವನು, ಸೃಷ್ಟಿಸುವಾಗಲೇ ಮುಂದಿನದನ್ನು ಬಲ್ಲವನು. ಆದ್ದರಿಂದ ನಮ್ಮಲ್ಲಿ "ಹೀಗೇಕೆ?" ಎಂಬಲ್ಲಿಗೆ ನಿಲ್ಲುವ ಪ್ರಶ್ನೆ ನಿಮ್ಮಲ್ಲಿ "ಹುಟ್ಟಿಸಿದ್ದೇಕೆ?" ಎಂಬಲ್ಲಿಯವರೆಗೂ ಹೋಗುತ್ತದೆ.

ಮರುತ್ತರ: ಧರ್ಮೋಪದೇಶದ ಟೀಚರ್, ಚಿಕ್ಕಮಗಳೂರು

ವಕೀಲರೇ, ದೇಹವನ್ನು ಬಿಟ್ಟ ಆತ್ಮದ ಸಂಕಲ್ಪ ಮತ್ತೆ ಬದಲಾಗದಂತೆ ನೆಲೆಗೊಳ್ಳುತ್ತದೆ ಎಂಬುದು ಅಕ್ವಿನಾಸ್ ಕೊಡುವ ಉತ್ತರ. ಇಪ್ಪತ್ತು ವರ್ಷಗಳಿಂದ ಅದನ್ನು ಪಾಠ ಮಾಡಿದ್ದೇನೆ. ನೀವು ಕೇಳಿದ ಮೇಲೆ, ಹಾಗೆ ನೆಲೆಗೊಳ್ಳುವಂತೆ ಆತ್ಮವನ್ನು ರೂಪಿಸಿದವರು ಯಾರೆಂಬ ಪ್ರಶ್ನೆ ನನ್ನಲ್ಲೂ ಉಳಿದಿದೆ.

ಮರುತ್ತರ: ಮೂಡಿಗೆರೆ ತೋಟದವನು

ಎಲ್ಲರಿಗೂ ವಂದನೆಗಳು. ನಾಶದ ವಾದ ನನಗೆ ಇನ್ನೂ ಒಗ್ಗಿಲ್ಲ. ಆದರೆ ಯೆರೆಮೀಯನ ವಚನವನ್ನು ನೆಂಟರಿಗೆ ಓದಿ ಹೇಳುವವನಿದ್ದೇನೆ. ಭಾನುವಾರ ಪೂಜೆ ಮುಗಿದ ಮೇಲೆ ಮಗಳನ್ನು ಶಿಲುಬೆಯ ಬಳಿಗೆ ಕರೆದೊಯ್ದಿದ್ದೆ. ಹಿಂದಿನ ವಾರದ ಕರಗಿದ ಮೇಣ ಅಲ್ಲಿ ಗಟ್ಟಿಯಾಗಿ ಕೂತಿತ್ತು. ಅದನ್ನು ಉಗುರಿನಿಂದ ಕೆರೆದು ಜಾಗ ಮಾಡಿಕೊಂಡು, ತಾತನಿಗೊಂದು ಬತ್ತಿ ನಿಲ್ಲಿಸಿದಳು. ಇನ್ನೊಂದನ್ನು ಯಾರಿಗೆಂದು ಕೇಳಿದರೆ ಹೇಳಲಿಲ್ಲ.