ಬಿಎಫ್‌ಸಿಗೆ ಗೋಲ್ ಹೊಡೆಯುವವನು ಬೇಕಾ, ಹೊಡೆದ ಗೋಲ್ ಉಳಿಸಿಕೊಡುವವನು ಬೇಕಾ?

ಬೈತಖೋಲ ಬ್ಲೂ, ಕಾರವಾರ

ಜೂನ್ 1ರಿಂದ ಬೋಟ್ ಎಲ್ಲ ದಡಕ್ಕೆ ಬಂದಿವೆ. ಜುಲೈ 31ರವರೆಗೆ ಮೀನುಗಾರಿಕೆ ಬಂದ್. ನನ್ನದು ಬೋಟ್ ಇಂಜಿನ್ ರಿಪೇರಿ ಕೆಲಸ. ಬೋಟಿನವರಿಗೆ ರಜೆ ಇರುವಾಗಲೇ ನಮಗೆ ಕೆಲಸ ಜಾಸ್ತಿ. ಹೊರಗೆ ಮಳೆ, ಒಳಗೆ ಬಿಚ್ಚಿಟ್ಟ ಇಂಜಿನ್. ಕೈ ಅದರ ಪಾಡಿಗೆ ಕೆಲಸ ಮಾಡುತ್ತದೆ. ತಲೆಯಲ್ಲಿ ಓಡುವುದು ಮಾತ್ರ ಒಂದೇ ವಿಷಯ. 2025ರ ಈ ಟ್ರಾನ್ಸ್‌ಫರ್ ಸಮಯದಲ್ಲಿ ನಮ್ಮ ಫುಟ್‌ಬಾಲ್ ಟೀಮು ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಯಾರನ್ನು ತರಬೇಕು?

ನಮ್ಮಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಸ್ಟ್ರೈಕರ್. ನಮ್ಮ ಸ್ಟ್ರೈಕರ್ ಸುನಿಲ್ ಛೆಟ್ರಿಗೆ ಆಗಸ್ಟ್ 3ಕ್ಕೆ 41 ತುಂಬುತ್ತದೆ, ಅವರ ನಂತರ ಯಾರು ಅಂತ. ಪ್ರಶ್ನೆ ಸರಿಯೇ. ಆದರೆ ನಾನು ನಮ್ಮ ಟೀಮು ಸೋತ ಫೈನಲ್‌ಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ನಾಲ್ಕು ಫೈನಲ್ ಆಡಿದ್ದೇವೆ. ಮೂರು ಸೋತಿದ್ದೇವೆ. ಆ ಮೂರರಲ್ಲೂ ಒಂದು ಹಂತದಲ್ಲಿ ಮುಂದೆ ಇದ್ದವರು ನಾವೇ.

2018ರಲ್ಲಿ ಕಂಠೀರವದಲ್ಲಿ ಚೆನ್ನೈಯಿನ್ ಎದುರು ಛೆಟ್ರಿ 9ನೇ ನಿಮಿಷಕ್ಕೇ ಗೋಲ್ ಹೊಡೆದರು. ಕೊನೆಗೆ 3-2ರಲ್ಲಿ ಸೋತೆವು. 2023ರಲ್ಲಿ ಗೋವಾದ ಫತೋರ್ಡಾ ಸ್ಟೇಡಿಯಂನಲ್ಲಿ ಮೋಹನ್ ಬಗಾನ್ ಎದುರು ನಮ್ಮ ರಾಯ್ ಕೃಷ್ಣ ಹೆಡ್ಡರ್‌ನಿಂದ 78ನೇ ನಿಮಿಷಕ್ಕೆ 2-1 ಮಾಡಿದ್ದರು. ಏಳು ನಿಮಿಷ ಉಳಿಸಿಕೊಳ್ಳಲು ಆಗಲಿಲ್ಲ. 85ಕ್ಕೆ ಪೆಟ್ರಾಟೋಸ್ ಪೆನಾಲ್ಟಿ ಹೊಡೆದ, ಆಮೇಲೆ ಶೂಟೌಟ್‌ನಲ್ಲಿ ಹೋಯಿತು. ಈ ವರ್ಷ ಏಪ್ರಿಲ್ 12ಕ್ಕೆ ಕೋಲ್ಕತ್ತದಲ್ಲೂ ಅದೇ ಕಥೆ. ಮೋಹನ್ ಬಗಾನ್‌ನವರ ಓನ್ ಗೋಲ್‌ನಿಂದ 1-0 ಮುಂದೆ ಹೋದೆವು. 72ಕ್ಕೆ ಅವರ ಕಮಿಂಗ್ಸ್ ಪೆನಾಲ್ಟಿ, ಎಕ್ಸ್‌ಟ್ರಾ ಟೈಮಿನಲ್ಲಿ ಮೆಕ್ಲಾರೆನ್ ಗೋಲ್. 2-1ರಲ್ಲಿ ಸೋತೆವು.

ಗೋಲ್ ಸಿಗುತ್ತಿದೆ. ಸಿಕ್ಕ ಮೇಲೆ ಆಟವನ್ನು ಹಿಡಿದಿಟ್ಟುಕೊಳ್ಳುವವರು ಇಲ್ಲ.

ಇದನ್ನು ನಾನು ಕಣ್ಣಾರೆ ನೋಡಿದ್ದು ಏಪ್ರಿಲ್ 6ರಂದು, ಗೋವಾ ಜೊತೆಗಿನ ಸೆಮಿಫೈನಲ್‌ನಲ್ಲಿ. ನಾನು, ನನ್ನ ತಮ್ಮ ಬೈಕಿನಲ್ಲಿ ಫತೋರ್ಡಾಕ್ಕೆ ಹೋಗಿದ್ದೆವು. ಎರಡು ಪಂದ್ಯದ ಸೆಮಿಯಲ್ಲಿ ಮೊದಲನೆಯದನ್ನು ಬೆಂಗಳೂರಿನಲ್ಲಿ 2-0 ಗೆದ್ದಿದ್ದರಿಂದ ನೆಮ್ಮದಿಯಲ್ಲೇ ಕೂತಿದ್ದೆವು. ಅರ್ಧ ಆಟ ಮುಗಿದು ಶುರುವಾಗುತ್ತಿದ್ದಂತೆ ಬೋರ್ಜಾ ಗೋಲ್ ಹೊಡೆದ. ಅಲ್ಲಿಂದ ಮುಂದೆ ನಾನು ಬಾಲ್ ನೋಡುವುದನ್ನೇ ಬಿಟ್ಟೆ. ನಮ್ಮ ಮಿಡ್‌ಫೀಲ್ಡ್ ನೋಡುತ್ತಾ ಕೂತೆ. ನಮ್ಮ ಡಿಫೆಂಡರ್ ಬಾಲ್ ಹೊರಗೆ ಒದೆಯುತ್ತಾರೆ. ಅದು ಮಧ್ಯದಲ್ಲಿ ಬೀಳುತ್ತದೆ. ಅಲ್ಲಿ ನೀಲಿ ಅಂಗಿ ಇಲ್ಲ. ಮತ್ತೆ ಗೋವಾದವರ ಕಾಲಿಗೆ. ಮತ್ತೆ ನಮ್ಮ ಬಾಕ್ಸ್‌ಗೆ. ತಮ್ಮನಿಗೆ ಹೇಳಿದೆ, "ಇದು ನಿಲ್ಲೋದಿಲ್ಲ ಕಣೋ" ಅಂತ. 88ಕ್ಕೆ ಸಾದಿಕು ಹೊಡೆದೇಬಿಟ್ಟ, ಎರಡೂ ಪಂದ್ಯ ಸೇರಿ 2-2. ಆಮೇಲೆ 92ನೇ ನಿಮಿಷದಲ್ಲಿ ಛೆಟ್ರಿ ತಲೆಯಿಂದ ಗೋಲ್ ಹೊಡೆದು ನಮ್ಮನ್ನು ಫೈನಲ್‌ಗೆ ಕರೆದುಕೊಂಡು ಹೋದರು. ಸುತ್ತಲೂ ಕಿತ್ತಳೆ ಬಣ್ಣ, ನಾವಿಬ್ಬರೇ ಎದ್ದು ನಿಂತು ಕೂಗಿದ್ದು ಇವತ್ತಿಗೂ ಮೈಯಲ್ಲಿ ಇದೆ. ರಾತ್ರಿ ಕಾಣಕೋಣ ದಾಟಿ, ಕಾಳಿ ಸೇತುವೆ ಮೇಲೆ ಬರುವಾಗ ಒಂದು ಗಂಟೆ. ಆಗಲೂ ನಾವಿಬ್ಬರು ಮಾತಾಡುತ್ತಿದ್ದುದು ಆ ಖಾಲಿ ಜಾಗದ ಬಗ್ಗೆಯೇ.

ಆ ಜಾಗಕ್ಕೆ ನಮ್ಮ ಫಾರಿನ್ ಆಟಗಾರ ಪೆಡ್ರೊ ಕಾಪೊ ಇದ್ದಾರಲ್ಲ ಅನ್ನಬಹುದು. ಇದ್ದಾರೆ. ಆದರೆ ಮೈದಾನದಲ್ಲಿ ಒಂದು ಸಲಕ್ಕೆ ಫಾರಿನ್ ಆಟಗಾರರು ನಾಲ್ಕೇ ಜನ. ನಮ್ಮಲ್ಲಿ ಯೊವಾನೊವಿಚ್, ಕಾಪೊ, ನೊಗೇರಾ, ಮೆಂಡೆಜ್, ಡಿಯಾಜ್, ವಿಲಿಯಮ್ಸ್ ಅಂತ ಆರು ಜನ. ಕಾಪೊ ಆಡಿದರೆ ಮುಂದಿನವರಲ್ಲಿ ಒಬ್ಬ ಹೊರಗೆ. ಕಾಪೊ ಕೂತರೆ ಹಿಂದೆ ಬಾಗಿಲು ತೆರೆದ ಹಾಗೆ. ಸುರೇಶ್ ವಾಂಗ್ಜಮ್ ಒಳ್ಳೆಯ ಆಟಗಾರ, ಎರಡು ಮಾತಿಲ್ಲ. ಆದರೆ ಅವನದು ಓಡಾಡುವ ಆಟ. ಒಂದೇ ಜಾಗದಲ್ಲಿ ನಿಂತು ಕಾಯುವ ಆಟ ಅಲ್ಲ. ಬೋಟಿಗೆ ದೊಡ್ಡ ಇಂಜಿನ್ ಕೂರಿಸಿ ಹಳೆಯ ಗೇರ್‌ಬಾಕ್ಸ್ ಬಿಟ್ಟರೆ ಏನಾಗುತ್ತದೆ ಅಂತ ನಾನು ದಿನಾ ನೋಡುತ್ತೇನೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ಬೇಕಾದ್ದು ಡಿಫೆನ್ಸ್ ಮುಂದೆ ನಿಲ್ಲುವ ಭಾರತೀಯ ಆಟಗಾರ. ಸ್ಟ್ರೈಕರ್ ಆಮೇಲೆ. ನೀವೇನು ಹೇಳ್ತೀರಿ? ಯಾರಾದರೂ ಕಣ್ಣಿಗೆ ಬಿದ್ದಿದ್ದಾರಾ?

ತೋಟದ ಮನೆ, ಶಿರಸಿ

ನಿಮ್ಮ ಮಾತು ಓದಿ ಖುಷಿಯಾಯಿತು ತಮ್ಮಾ. ಆದರೂ ನಾನು ಒಪ್ಪುವುದಿಲ್ಲ.

ಛೆಟ್ರಿ ಈ ಸೀಸನ್‌ನಲ್ಲಿ ಹೊಡೆದದ್ದು 14 ಗೋಲ್. ಭಾರತೀಯರಲ್ಲಿ ಯಾರೂ ಅಷ್ಟು ಹೊಡೆದಿಲ್ಲ. ಡಿಸೆಂಬರ್‌ನಲ್ಲಿ ಕೇರಳದವರ ಎದುರು ಮೂರು ಗೋಲ್ ಒಬ್ಬರೇ ಹೊಡೆದರು. 2024ರ ಜೂನ್‌ನಲ್ಲಿ ದೇಶದ ಟೀಮಿನಿಂದ ನಿವೃತ್ತಿ ಆಗಿದ್ದವರನ್ನು ಈ ಮಾರ್ಚ್‌ನಲ್ಲಿ ವಾಪಸ್ ಕರೆಸಿಕೊಂಡರಲ್ಲ, ಯಾಕೆ? ಗೋಲ್ ಹೊಡೆಯುವವರು ಇಡೀ ದೇಶದಲ್ಲೇ ಇಲ್ಲ ಅಂತ ತಾನೆ? ಆ 14 ಗೋಲ್ ತೆಗೆದುಬಿಡಿ. ಆಗ ನೀವು ಹೇಳುವ "ಮುಂದೆ ಇದ್ದೆವು" ಅನ್ನುವ ಮಾತೇ ಬರುವುದಿಲ್ಲ. ಫೈನಲ್ ಹಾಗಿರಲಿ, ಪ್ಲೇಆಫ್ ಕೂಡ ಕಷ್ಟ.

ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಮುಂಬೈ ಸಿಟಿಯನ್ನು 5-0 ಹೊಡೆದ ದಿನ ಇಬ್ಬರೂ ಕಂಠೀರವದಲ್ಲಿದ್ದೆವು. ರಾತ್ರಿ ಬಸ್ಸಿನಲ್ಲಿ ಹೋಗಿ, ಮರುದಿನ ರಾತ್ರಿ ಬಸ್ಸಿನಲ್ಲಿ ವಾಪಸ್. ಆವತ್ತು ನಾನು ಗಮನಿಸಿದ್ದು, ಛೆಟ್ರಿ ಬಾಲ್ ಇಲ್ಲದಾಗ ನಿಲ್ಲುವ ಜಾಗ. ಡಿಫೆಂಡರ್‌ನ ಬೆನ್ನ ಹಿಂದೆ, ಅವನ ಕಣ್ಣಿಗೆ ಕಾಣದ ಹಾಗೆ. ಎರಡು ಹೆಜ್ಜೆ, ಅಷ್ಟೇ ಓಡುವುದು. ಇದನ್ನು ನಮ್ಮ ಯುವ ಸ್ಟ್ರೈಕರ್ ಶಿವಶಕ್ತಿ ಕಲಿಯಬೇಕು. ಅದಕ್ಕೆ ಸಮಯ ಬೇಕು. ಅಲ್ಲಿಯವರೆಗೆ ಒಬ್ಬ ಸ್ಟ್ರೈಕರ್ ಬೇಕೇ ಬೇಕು.

ಆಶಿಕ್ ಕುರುಣಿಯನ್‌ನನ್ನೂ ವಾಪಸ್ ತರಬೇಕು ಅಂತ ನನ್ನ ಆಸೆ. 2022ರಲ್ಲಿ ಬಿಟ್ಟುಕೊಟ್ಟಿದ್ದೇ ತಪ್ಪು. ಎಡಗಡೆಯಲ್ಲಿ ಅವನ ಹಾಗೆ ಓಡುವವರು ಕಡಿಮೆ.

ಗಡದ ಗೌರ್, ಸದಾಶಿವಗಡ

ನಾನು ಎಫ್‌ಸಿ ಗೋವಾ. ಮನೆ ಸದಾಶಿವಗಡ, ಕೆಲಸ ಮಡಗಾಂವ್. ಏಪ್ರಿಲ್ 6ಕ್ಕೆ ಆ ಕಿತ್ತಳೆ ಬಣ್ಣದ ನಡುವೆ ನಾನೂ ಇದ್ದೆ ಮಾರಾಯಾ. ಆ 92ನೇ ನಿಮಿಷದ ನೋವು ಇನ್ನೂ ಹೋಗಿಲ್ಲ. ಆಮೇಲೆ ಮೇ ತಿಂಗಳಲ್ಲಿ ಜಮ್ಶೆಡ್‌ಪುರವನ್ನು 3-0 ಹೊಡೆದು ಸೂಪರ್ ಕಪ್ ಗೆದ್ದಾಗ ಸ್ವಲ್ಪ ಸಮಾಧಾನ ಆಯಿತು.

ಎದುರು ಟೀಮಿನ ಕಡೆಯಿಂದ ನೋಡಿದ್ದು ಹೇಳುತ್ತೇನೆ. ನೀನು ಹೇಳಿದ ಖಾಲಿ ಜಾಗ ನಿಜ. ನಮ್ಮವರಿಗೂ ಅದು ಗೊತ್ತಿತ್ತು. 2024ರ ನವೆಂಬರ್‌ನಲ್ಲಿ ಫತೋರ್ಡಾದಲ್ಲಿ 3-0 ಗೆದ್ದಾಗಲೂ ಆ ಜಾಗದಲ್ಲೇ ನಮ್ಮ ಆಟ ನಡೆಯಿತು. ನಿಮ್ಮ ಕೋಚ್ ಸಾರಗೋಸಾ ಎಲ್ಲರನ್ನೂ ಮುಂದೆ ನುಗ್ಗಿಸಿ ಒತ್ತಡ ಹಾಕಿಸುತ್ತಾರೆ. ಆ ಮೊದಲ ಒತ್ತಡ ದಾಟಿದರೆ ಸಾಕು, ಹಿಂದೆ ಮೈದಾನ ದೊಡ್ಡದಾಗಿ ಕಾಣುತ್ತದೆ.

ಆದರೆ ಭಾರತೀಯ ಆಟಗಾರನನ್ನು ಎಲ್ಲಿಂದ ತರುತ್ತೀರಿ? ಈ ಜಾಗಕ್ಕೆ ಒಳ್ಳೆಯವರು ಬೆರಳೆಣಿಕೆ. ಅಪುಯಾ ಮೋಹನ್ ಬಗಾನ್‌ನಲ್ಲಿದ್ದಾನೆ, ಅವರು ಬಿಡುವುದಿಲ್ಲ. ನಾವೇ ಕಾರ್ಲ್ ಮೆಕ್‌ಹ್ಯೂ ಅಂತ ಫಾರಿನ್ ಆಟಗಾರನನ್ನು ಅಲ್ಲಿ ನಿಲ್ಲಿಸಿದೆವು. ಅವನ ಪಕ್ಕದಲ್ಲಿ ಬೆಳೆದದ್ದು ಆಯುಷ್ ಛೆಟ್ರಿ. ಅವನನ್ನು ತಂದಿದ್ದು ಐಜಾಲ್‌ನಿಂದ, ಐಎಸ್‌ಎಲ್‌ಗಿಂತ ಕೆಳಗಿನ ಐ-ಲೀಗ್‌ನಿಂದ. ನೀವೂ ಅಲ್ಲೇ ಹುಡುಕಿ. ದೊಡ್ಡ ಹೆಸರಿನ ಹಿಂದೆ ಹೋಗಬೇಡಿ.

ನಿಮ್ಮವರ ಕಣ್ಣೆದುರಿಗಿದ್ದವರನ್ನೂ ಬಿಟ್ಟಿದ್ದೀರಿ. ಇರ್ಫಾನ್ ಯಾದವಾಡ ನಮ್ಮ ಗೋವಾದ ಹುಡುಗ. ಆಡುತ್ತಿದ್ದುದು ನಿಮ್ಮ ಊರಿನ ಬೆಂಗಳೂರು ಯುನೈಟೆಡ್‌ನಲ್ಲಿ. ಚೆನ್ನೈನವರು ಬಂದು ಕರೆದುಕೊಂಡು ಹೋದರು. ಶಿರಸಿ ಅಣ್ಣ ಕೇಳುವ ಸ್ಟ್ರೈಕರ್ ಆತನೇ ಆಗಬಹುದಿತ್ತು. ಝಿಂಗನ್, ಉದಾಂತ ಇಬ್ಬರನ್ನೂ 2023ರಲ್ಲಿ ನಮಗೆ ಬಿಟ್ಟುಕೊಟ್ಟಿರಿ, ಅದಕ್ಕೆ ನಾವು ಋಣಿ.

ನಮ್ಮ ಬ್ರೈಸನ್ ಮೇಲೆ ಮಾತ್ರ ಕಣ್ಣು ಹಾಕಬೇಡಿ.

ಪಿಟಿ ಟೀಚರ್, ಕುಮಟಾ

ನಾನು ಹೈಸ್ಕೂಲ್ ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಬೈತಖೋಲದವರ ಪಟ್ಟಿಯನ್ನೇ ತೆಗೆದುಕೊಂಡು ಇನ್ನೊಂದು ಸಲ ನೋಡಿ. ಆ ಮೂರು ಫೈನಲ್‌ನಲ್ಲಿ ಗೋಲ್ ಹೇಗೆ ಬಂದವು?

2018ರಲ್ಲಿ ಚೆನ್ನೈಯಿನ್‌ನ ಮೈಲ್ಸನ್ ಎರಡು ಹೆಡ್ಡರ್. ಎರಡೂ ಕಾರ್ನರ್‌ನಿಂದ. 2023ರಲ್ಲಿ ಪೆಟ್ರಾಟೋಸ್ ಎರಡು. ಎರಡೂ ಪೆನಾಲ್ಟಿ. ಒಂದು ಕೈಗೆ ತಾಗಿ, ಒಂದು ಫೌಲ್‌ನಿಂದ. 2025ರಲ್ಲಿ ಕಮಿಂಗ್ಸ್‌ದೂ ಪೆನಾಲ್ಟಿ. ಅದೂ ಕೈಗೆ ತಾಗಿದ್ದೇ. ಬಿಟ್ಟುಕೊಟ್ಟ ಏಳು ಗೋಲ್‌ನಲ್ಲಿ ಐದು ಹೀಗೆ ಬಂದವು. ಈ ಐದರಲ್ಲಿ ಒಂದರಲ್ಲೂ ಯಾರೂ ಪಾಸ್ ಮಾಡುತ್ತಾ ನಮ್ಮ ಮಿಡ್‌ಫೀಲ್ಡ್ ಸೀಳಿಕೊಂಡು ಬಂದು ಹೊಡೆದಿಲ್ಲ. ಹಾಗಿರುವಾಗ ಹೊಸ ಆಟಗಾರನನ್ನು ತಂದ ಮಾತ್ರಕ್ಕೆ ಇದು ಸರಿಹೋಗುತ್ತದಾ?

ಇದು ಅಭ್ಯಾಸದ ವಿಷಯ. ನಮ್ಮ ಮಕ್ಕಳಿಗೆ ನಾನು ಒಂದು ಕರ್ಚೀಫ್ ಕೊಡುತ್ತೇನೆ. ಎರಡೂ ಕೈ ಹಿಂದೆ ಕಟ್ಟಿ, ಕರ್ಚೀಫ್‌ನ ಎರಡು ತುದಿ ಹಿಡಿದುಕೊಳ್ಳಬೇಕು. ಹಾಗೆಯೇ ಬಾಕ್ಸ್ ಒಳಗೆ ಎದುರಿನವರನ್ನು ತಡೆಯಬೇಕು. ಮೊದಲ ದಿನ ಎಲ್ಲರೂ ಬೀಳುತ್ತಾರೆ. ಕೈ ಇಲ್ಲದೆ ಮೈ ತೂಕ ಹಿಡಿಯುವುದು ಅಷ್ಟು ಸುಲಭ ಅಲ್ಲ. ಸುಮಾರು ಹದಿನೈದು ದಿನ ಆದ ಮೇಲೆ ಕಾಲು ತಾನಾಗಿ ಸಣ್ಣ ಸಣ್ಣ ಹೆಜ್ಜೆ ಇಡಲು ಕಲಿಯುತ್ತದೆ. ಆಗ ಕರ್ಚೀಫ್ ತೆಗೆದರೂ ಕೈ ಹಿಂದೆಯೇ ಇರುತ್ತದೆ. ದೊಡ್ಡ ಆಟಗಾರರಿಗೆ ಇದು ಗೊತ್ತಿಲ್ಲ ಅಂತಲ್ಲ. ದಣಿದಾಗ ಮರೆಯುತ್ತಾರೆ. ದಣಿದಾಗಲೂ ಮರೆಯದ ಹಾಗೆ ಮಾಡುವುದೇ ಕೋಚ್ ಕೆಲಸ.

ನಾವು ಗೆದ್ದ ಒಂದೇ ಐಎಸ್‌ಎಲ್ ಫೈನಲ್ ಕೂಡ ಹಾಗೇ ಬಂದಿದ್ದು, ನೆನಪಿದೆಯಲ್ಲ? 2019, ಮುಂಬೈ, ಗೋವಾ ಎದುರು 117ನೇ ನಿಮಿಷ. ಕಾರ್ನರ್, ರಾಹುಲ್ ಭೇಕೆ ತಲೆ. ಹೊಡೆದವರು ಡಿಫೆಂಡರ್. ತರುವುದಾದರೆ ಎತ್ತರದ, ತಲೆ ಚೆನ್ನಾಗಿ ಕೊಡುವ ಸೆಂಟರ್ ಬ್ಯಾಕ್ ತರಲಿ.

ಬೈತಖೋಲ ಬ್ಲೂ, ಕಾರವಾರ

ಟೀಚರ್, ನಿಮ್ಮ ಮಾತು ಓದಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಮೂರು ಫೈನಲ್ ಎಷ್ಟೋ ಸಲ ನೋಡಿದ್ದೇನೆ. ಏಳರಲ್ಲಿ ಐದು ಗೋಲ್ ಹಾಗೇ ಬಂದಿದ್ದು ಅಂತ ನನಗೆ ಹೊಳೆದೇ ಇರಲಿಲ್ಲ. ಅದನ್ನು ಪೂರ್ತಿ ಒಪ್ಪುತ್ತೇನೆ.

ಆದರೆ ಒಂದು ಮಾತು ಕೇಳಿ. ಕಾರ್ನರ್ ಸುಮ್ನೆ ಬರುವುದಿಲ್ಲ ಅಲ್ವಾ? ಬಾಲ್ ನಮ್ಮ ಬಾಕ್ಸ್ ಹತ್ತಿರವೇ ಸುತ್ತುತ್ತಿದ್ದರೆ ಇವತ್ತಲ್ಲ ನಾಳೆ ಯಾರದ್ದೋ ಕೈಗೆ ತಾಗುತ್ತದೆ, ಯಾರದ್ದೋ ಕಾಲು ಎಡವುತ್ತದೆ. ಮಧ್ಯದಲ್ಲಿ ಬಾಲ್ ಹಿಡಿದು, ಎರಡು ಪಾಸ್ ಆಡಿ, ಡಿಫೆನ್ಸ್‌ನವರಿಗೆ ಉಸಿರು ಬಿಡಲು ಅರ್ಧ ನಿಮಿಷ ಕೊಡುವವನು ಇದ್ದರೆ ಅವರು ನೀವು ಹೇಳಿದಷ್ಟು ದಣಿಯುವುದಿಲ್ಲ. ನಾನು ಕೇಳುತ್ತಿರುವುದು ಆ ಅರ್ಧ ನಿಮಿಷ.

ಶಿರಸಿ ಅಣ್ಣಾ, ಛೆಟ್ರಿ ನಿಲ್ಲುವ ಜಾಗದ ಬಗ್ಗೆ ನೀವು ಹೇಳಿದ್ದು ಅಕ್ಷರಕ್ಷರ ನಿಜ. ಆ 92ನೇ ನಿಮಿಷದಲ್ಲೂ ಅವರ ಸುತ್ತ ಅಷ್ಟು ಜನ ಇದ್ದರು, ಆದರೂ ತಲೆ ಹೇಗೆ ಸಿಕ್ಕಿತು ಅಂತ ನಾನು ಬೈಕಿನಲ್ಲಿ ಇಡೀ ದಾರಿ ಯೋಚಿಸಿದ್ದೆ. ಅವರು ಆಡುವಷ್ಟು ದಿನ ಶಿವಶಕ್ತಿಯನ್ನು ಅವರ ಪಕ್ಕದಲ್ಲೇ ಆಡಿಸಬೇಕು. ಹೊಸ ಸ್ಟ್ರೈಕರ್ ಬಂದರೆ ಆ ಹುಡುಗ ಮತ್ತೆ ಬೆಂಚ್ ಮೇಲೆ. 2023ರ ಫೈನಲ್‌ನಲ್ಲಿ ಪಾಪ ಆಟ ಶುರುವಾಗುತ್ತಲೇ ಪೆಟ್ಟಾಗಿ ಹೊರಗೆ ಹೋದ. ಅವನಿಗೆ ಇನ್ನೊಂದು ಫೈನಲ್ ಸಿಗಬೇಕು.

ಗಡದವನೇ, ಐ-ಲೀಗ್ ಮಾತು ಸರಿ. ನಮ್ಮಲ್ಲೇ ವಿನಿತ್ ವೆಂಕಟೇಶ್ ಇಲ್ವಾ? ಈ ಸೀಸನ್‌ನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಎದುರು ಗೋಲ್ ಹೊಡೆದು ಗೆಲ್ಲಿಸಿದ. ಬೆಂಗಳೂರಿನದೇ ಹುಡುಗ. ಆದರೆ ಅವನದೂ ಮುಂದೆ ಹೋಗುವ ಆಟ. ಹಿಂದೆ ನಿಲ್ಲುವ ಆಟಕ್ಕೆ ಲಾಲ್ರೆಮ್‌ತ್ಲುವಾಂಗ ಫನಾಯ್‌ಗೆ ಸತತ ಆಟ ಕೊಟ್ಟು ನೋಡಬಹುದು ಅಂತ ನನಗೆ ಈಗ ಅನ್ನಿಸುತ್ತಿದೆ. ಅವನ ಜೊತೆಗೆ ಐ-ಲೀಗ್‌ನಿಂದ ಒಬ್ಬ. ಹಣ ಉಳಿದರೆ ಟೀಚರ್ ಹೇಳಿದ ಸೆಂಟರ್ ಬ್ಯಾಕ್.

ಗಡದ ಗೌರ್, ಸದಾಶಿವಗಡ

ಫನಾಯ್ ಆಗಬಹುದು. ಕಾಲು ಚುರುಕಾಗಿದೆ. ತಲೆ ಎತ್ತಿ ಆಡುತ್ತಾನೆ. ಇನ್ನೂ ಮೈ ಗಟ್ಟಿಯಾಗಬೇಕು.

ಮುಂದಿನ ಸಲ ನಿಮ್ಮ ಟೀಮು ಫತೋರ್ಡಾಕ್ಕೆ ಬಂದಾಗ ಮೊದಲೇ ಹೇಳು. ಸೇತುವೆ ಹತ್ತಿರ ನಾನು ಕಾಯುತ್ತೇನೆ, ಒಟ್ಟಿಗೇ ಹೋಗೋಣ. ಒಳಗೆ ಮಾತ್ರ ಬೇರೆ ಬೇರೆ ಸ್ಟ್ಯಾಂಡ್.

ಪಿಟಿ ಟೀಚರ್, ಕುಮಟಾ

ನಿಮ್ಮ ಅರ್ಧ ನಿಮಿಷದ ಮಾತು ಒಪ್ಪಿದೆ ತಮ್ಮಾ. ನಾಳೆ ಮಳೆ ಬಿಟ್ಟರೆ ನಮ್ಮ ಹುಡುಗಿಯರಿಗೆ ಒಂದು ಗೋಲ್ ಮುಂದೆ ಇದ್ದ ಹಾಗೆ ಲೆಕ್ಕ ಇಟ್ಟು ಕೊನೆಯ ಹತ್ತು ನಿಮಿಷ ಮಾತ್ರ ಆಡಿಸಿ ನೋಡುತ್ತೇನೆ. ಒಬ್ಬಳನ್ನು ಮಧ್ಯದಲ್ಲಿ ನಿಲ್ಲಿಸಿ ಒಮ್ಮೆ, ನಿಲ್ಲಿಸದೆ ಒಮ್ಮೆ. ಎಷ್ಟು ಕಾರ್ನರ್ ಬಿಟ್ಟುಕೊಡುತ್ತಾರೆ ಅಂತ ಎಣಿಸಿ ಇಲ್ಲೇ ಬರೆಯುತ್ತೇನೆ.