‘ವಾರ್ನ್ಡ್ ಔಟ್’ ಅಂದರೆ ಗಡಿಪಾರಾ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಹದಿನೈದು ದಿನ ಆಯ್ತು. ಅಮೆರಿಕದ ವರ್ಮಾಂಟ್ ರಾಜ್ಯದ ಮೊದಮೊದಲ ದಿನಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1790ರ ಆಸುಪಾಸಿನ ಅಲ್ಲಿನ ದಫ್ತರಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ವಾರ್ನ್ಡ್ ಔಟ್’. ಇಂಥವನು, ಅವನ ಹೆಂಡತಿ, ಐದು ಮಕ್ಕಳು, ಎಲ್ಲರೂ ‘ವಾರ್ನ್ಡ್ ಔಟ್’. ನಾನು ಯೋಚನೆ ಮಾಡದೆ ‘ಗಡಿಪಾರು ಮಾಡಲಾಯಿತು’ ಅಂತ ಬರೆದುಬಿಟ್ಟೆ. ನಾಲ್ಕು ಪುಟ ದಾಟಿದ ಮೇಲೆ ನೋಡಿದರೆ, ಗಡಿಪಾರಾದ ಮನುಷ್ಯ ಅದೇ ಊರಲ್ಲಿ ಬೇಲಿ ಜಗಳ ಬಗೆಹರಿಸುವ ಹುದ್ದೆಗೆ ಆಯ್ಕೆ ಆಗಿ ಕೂತಿದ್ದಾನೆ!

ಆಮೇಲೆ ಕೂತು ಓದಿದೆ. ವಿಷಯ ಹೀಗಿದೆ. ಬಡವರು, ಕಾಯಿಲೆಯವರು, ಗಂಡ ಸತ್ತವರು, ಇವರನ್ನೆಲ್ಲ ಸಾಕುವ ಹೊಣೆ ಆಗ ಊರಿನದು. ಖರ್ಚು ಊರಿನ ತೆರಿಗೆಯಿಂದ ಹೋಗಬೇಕು. ಇಂಗ್ಲೆಂಡಿನ ಈ ಹಳೇ ಪದ್ಧತಿ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಕಡೆಯಿಂದ ವಲಸೆ ಬಂದವರ ಜೊತೆ ವರ್ಮಾಂಟಿಗೂ ಬಂತು. ಹೊಸಬನೊಬ್ಬ ಬಂದು ಒಂದು ವರ್ಷ ಸುಮ್ನೆ ಇದ್ದುಬಿಟ್ಟರೆ ಅವನಿಗೆ ಅಲ್ಲಿ ನೆಲೆಯ ಹಕ್ಕು ಬರುತ್ತಿತ್ತು. ನಾಳೆ ಅವನ ಕೈಯಲ್ಲಿ ಕಾಸಿಲ್ಲದಿದ್ದರೆ ಊರೇ ನೋಡಿಕೊಳ್ಳಬೇಕು. ಅದಕ್ಕೆ ವರ್ಷ ತುಂಬುವ ಮೊದಲೇ, ಆ ಹಕ್ಕು ಹುಟ್ಟದ ಹಾಗೆ ಒಂದು ಚೀಟಿ. ‘ಈಗ ಈ ಊರಲ್ಲಿ ವಾಸವಾಗಿರುವ ಇಂಥವರು ಊರು ಬಿಟ್ಟು ಹೋಗತಕ್ಕದ್ದು’ ಅನ್ನೋ ಧಾಟಿಯದು. ಊರಿನ ಆಡಳಿತಕ್ಕೆ ಆರಿಸಿದ ಮೂರೋ ಐದೋ ಜನ ‘ಸೆಲೆಕ್ಟ್‌ಮೆನ್’ ರುಜು ಹಾಕುತ್ತಿದ್ದರು. ಕಾನ್‌ಸ್ಟೇಬಲ್ ಮನೆ ಬಾಗಿಲಿಗೆ ಹೋಗಿ ಓದಿ ಹೇಳುತ್ತಿದ್ದ, ಇಲ್ಲವೇ ನಕಲು ಬಿಟ್ಟು ಬರುತ್ತಿದ್ದ. ಜಾರಿ ಮಾಡಿದ್ದೇನೆ ಅಂತ ಚೀಟಿಯ ಮೇಲೆ ಅವನು ಬರೆದುಕೊಟ್ಟದ್ದನ್ನು ಕ್ಲರ್ಕ್ ದಫ್ತರಕ್ಕೆ ಏರಿಸುತ್ತಿದ್ದ. ಅಲ್ಲಿಗೆ ಸಾಮಾನ್ಯವಾಗಿ ಮುಗೀತು. ಎಷ್ಟೋ ಜನ ಎಲ್ಲಿಗೂ ಹೋಗಲಿಲ್ಲ. ಹೋಗಲಿ ಅಂತ ಊರಿಗೂ ಆಸೆ ಇರಲಿಲ್ಲ. ಇಡೀ ವರ್ಮಾಂಟಿನಲ್ಲಿ 1790ರಲ್ಲಿ ಸುಮಾರು 85,000 ಇದ್ದ ಜನ 1800ಕ್ಕೆ ಒಂದೂವರೆ ಲಕ್ಷ ದಾಟಿದ್ದರು. ದುಡಿಯುವ ಕೈ ಬೇಕು, ಸಾಕುವ ಹೊಣೆ ಬೇಡ.

ನಮ್ಮ ಬಸ್ಸಿನಲ್ಲಿ ‘ನಿಮ್ಮ ಸಾಮಾನುಗಳಿಗೆ ನೀವೇ ಜವಾಬ್ದಾರರು’ ಅಂತ ಬರೆದಿರುತ್ತಾರಲ್ವಾ, ಹೆಚ್ಚುಕಡಿಮೆ ಆ ಜಾತಿಯ ಬರಹ ಇದು. ನಿಜಕ್ಕೂ ಗಾಡಿ ಹತ್ತಿಸಿ ಹಳೇ ಊರಿಗೆ ಸಾಗಹಾಕಿದ್ದೂ ಉಂಟು. ಆದರೆ ಅದಕ್ಕೆ ಬೇರೆ ಆದೇಶ, ಬೇರೆ ಪದ: ‘ರಿಮೂವಲ್’. ಗಡಿಪಾರು ಅನ್ನೋದನ್ನು ಅದಕ್ಕೇ ಎತ್ತಿಟ್ಟಿದ್ದೇನೆ.

ಹಾಗಾದರೆ ಎಚ್ಚರಿಕೆ ಅನ್ನೋಣವೇ? ಅಲ್ಲೂ ತೊಡಕಿದೆ. ವರ್ಮಾಂಟಿನಲ್ಲಿ ಇವತ್ತಿಗೂ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಿನ ಸಭೆ. ಅದಕ್ಕೆ ಕನಿಷ್ಠ 30 ದಿನ ಮೊದಲು ಒಂದು ತಿಳುವಳಿಕೆ ಪತ್ರ ಅಂಟಿಸಬೇಕು. ಅದರ ಹೆಸರೂ ‘ವಾರ್ನಿಂಗ್’. ಅಲ್ಲಿ ಓದುತ್ತಿರುವ ನಮ್ಮಕ್ಕನ ಮಗ ಹೋದ ವರ್ಷ ಕಿರಾಣಿ ಅಂಗಡಿ ಬಾಗಿಲಿನ ಫೋಟೋ ಕಳಿಸಿ, ‘ಮಾವ, ಹಿಮಪಾತ ಏನಾದ್ರೂ ಆಗುತ್ತೇನೋ ಅಂತ ಹೆದರಿ ಓದಿದೆ, ನೋಡಿದ್ರೆ ರಸ್ತೆ ರಿಪೇರಿ ಬಜೆಟ್ಟು’ ಅಂದ. ಅಂದರೆ ಇಲ್ಲಿ ‘ವಾರ್ನ್’ ಹೆದರಿಸುವುದಲ್ಲ, ಸಾರುವುದು. ಡಂಗುರ ಸಾರು ಅಂತೀವಲ್ಲ, ಆ ಸಾರು. ಸಭೆಯ ‘ವಾರ್ನಿಂಗ್’ಗೆ ‘ಸಾರೋಲೆ’ ಅಂತ ಕಟ್ಟಿ ನೋಡಿದೆ. ಚೆನ್ನಾಗಿದೆಯೋ, ಮದುವೆ ಕರೆಯೋಲೆ ಥರ ಕೇಳುತ್ತೋ, ನೀವೇ ಹೇಳಿ.

ಇನ್ನು ‘ಟೌನ್’. ಪಟ್ಟಣ ಅಂತ ಬರೆದರೆ ಎಡವಟ್ಟು ಗ್ಯಾರಂಟಿ. 1749ರಿಂದ 1764ರ ತನಕ ನ್ಯೂ ಹ್ಯಾಂಪ್‌ಶೈರ್ ಗವರ್ನರ್ ಬೆನ್ನಿಂಗ್ ವೆಂಟ್‌ವರ್ತ್, ಬಹುಪಾಲು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಈಗಿನ ವರ್ಮಾಂಟಿನ ಕಾಡನ್ನು ಹಂಚಿಬಿಟ್ಟ. ವಲಸಿಗರ ಒಂದು ಮನೆ ಏಳುವ ಮೊದಲೇ ಕಾಗದದ ಮೇಲೆ ‘ಟೌನ್’ ಹುಟ್ಟಿತ್ತು. ಅಲ್ಲಿದ್ದ ಅಬೆನಾಕಿ ಜನರನ್ನು ಯಾರೂ ಕೇಳಲಿಲ್ಲ. ಮೊದಲ ಚೌಕಕ್ಕೆ ತನ್ನ ಹೆಸರಿಂದಲೇ ಬೆನ್ನಿಂಗ್ಟನ್ ಅಂತ ಹೆಸರಿಟ್ಟ. ಚೌಕಗಳ ಮೂಲೆಯಲ್ಲಿ 500 ಎಕರೆ ತನಗೆ ಅಂತ ಇಟ್ಟುಕೊಳ್ಳುವುದನ್ನೂ ಮರೆಯಲಿಲ್ಲ. ಈ ಚೌಕದೊಳಗೆ ಹೊಲ, ಗುಡ್ಡ, ಒಂದೆರಡು ‘ವಿಲೇಜ್’ ಎಲ್ಲ ಬರುತ್ತೆ. ಬೆಲ್ಲೋಸ್ ಫಾಲ್ಸ್ ಅನ್ನೋ ‘ವಿಲೇಜ್’ ಇರೋದು ರಾಕಿಂಗ್‌ಹ್ಯಾಮ್ ಅನ್ನೋ ‘ಟೌನ್’ ಒಳಗೆ. ಪಟ್ಟಣದೊಳಗೆ ಹಳ್ಳಿ ಅಂದರೆ ಓದುವವರು ನಗುತ್ತಾರೆ. ವಿಸ್ತಾರಕ್ಕೆ ಹೋಬಳಿ ಹೊಂದುತ್ತೆ, ಆದರೆ ಹೋಬಳಿ ಸಭೆ ಸೇರಿ ತೆರಿಗೆ ಹಾಕುವುದಿಲ್ಲ.

ನಾನು ‘ಊರು’ ಅಂತಲೇ ಬಿಟ್ಟಿದ್ದೇನೆ. ಕಾರಣ, ಆ ಚೀಟಿಯ ಹಿಂದಿರೋದು ‘ನಿಮ್ದು ಯಾವೂರು?’ ಅನ್ನೋ ಪ್ರಶ್ನೆ. ವಾಸ ಇರುವ ಜಾಗ, ಸೇರಿದ ಜಾಗ, ಎರಡಕ್ಕೂ ನಾವು ಊರು ಅಂತೀವಿ. ಚೀಟಿ ತಂದ ತಾಪತ್ರಯ ಇವೆರಡರ ನಡುವಿನದೇ. ಕಾನ್‌ಸ್ಟೇಬಲ್‌ಗೆ ಒಬ್ಬ ಸ್ನೇಹಿತರು ‘ತಳವಾರ’ ಅಂದರು. ತಳವಾರಿಕೆ ವಂಶದಿಂದ ಬರುತ್ತಿದ್ದದ್ದು. ಇವನನ್ನು ಸಭೆಯಲ್ಲಿ ಆರಿಸುತ್ತಿದ್ದರು. ಖಾಕಿ, ಲಾಠಿ ನೆನಪಾದರೂ ಪರವಾಗಿಲ್ಲ, ಕಾನ್‌ಸ್ಟೇಬಲ್ಲೇ ಇರಲಿ. ದನ ಕಟ್ಟಿಹಾಕುವ ‘ಪೌಂಡ್’ಗೆ ಮಾತ್ರ ತಕರಾರಿಲ್ಲ, ದೊಡ್ಡಿ.

ಒಂದು ತಮಾಷೆ ಹೇಳದೆ ಇರಲಾರೆ. ಹೊಸಬರಿಗೆ ಚೀಟಿ ಕೊಡಲು ಶುರು ಮಾಡಿದ ಕಾಲಕ್ಕೆ ವರ್ಮಾಂಟೇ ಬಾಗಿಲಾಚೆ ನಿಂತಿತ್ತು. 1777ರಲ್ಲಿ ವಿಂಡ್ಸರ್‌ನಲ್ಲಿ ಸಂವಿಧಾನ ಬರೆದುಕೊಂಡರೂ 13 ರಾಜ್ಯಗಳ ಅಮೆರಿಕದ ಒಕ್ಕೂಟ ಒಳಗೆ ಬಿಟ್ಟುಕೊಳ್ಳಲಿಲ್ಲ, ನ್ಯೂಯಾರ್ಕ್ ಆ ನೆಲ ತನ್ನದು ಅನ್ನುತ್ತಿತ್ತು. 1785ರಲ್ಲಿ ತಾಮ್ರದ ಕಾಸು ಟಂಕಿಸಿದರು. ಒಂದು ಕಡೆ ಬೆಟ್ಟದ ಸಾಲು, ಹುಟ್ಟುವ ಸೂರ್ಯ, ಕೆಳಗೆ ನೇಗಿಲು. ಇನ್ನೊಂದು ಕಡೆ ಲ್ಯಾಟಿನ್‌ನಲ್ಲಿ ‘14ನೇ ನಕ್ಷತ್ರ’. ಯಾರೂ ಕರೆಯದೆ ತಾವೇ ಎಣಿಸಿಕೊಂಡದ್ದು! ನ್ಯೂಯಾರ್ಕಿಗೆ 30,000 ಡಾಲರ್ ಕೊಡಲು ಒಪ್ಪಿ, 1791ರ ಮಾರ್ಚ್ 4ರಂದು ನಿಜವಾಗಿ 14ನೆಯದಾಯಿತು. ನಡುವಿನ ಆ 14 ವರ್ಷಕ್ಕೆ ಲೇಖಕರು ‘ರಿಪಬ್ಲಿಕ್’ ಅಂತಾರೆ, ಸಂವಿಧಾನ ತನ್ನನ್ನು ‘ಸ್ಟೇಟ್’ ಅಂತ ಕರೆದುಕೊಂಡಿದೆ. ನಾನು ರಾಜ್ಯ ಅಂತಲೇ ಹಾಕಿದ್ದೇನೆ. ಗಣರಾಜ್ಯ ಅಂದರೆ ಜನವರಿ 26ರ ಪರೇಡು ನೆನಪಾಗುತ್ತೆ.

ಈಗ ನನ್ನ ಮುಂದಿರೋದು ಮೂರು: ‘ಊರುಬಿಡಿ ಚೀಟಿ’, ‘ಹೊಣೆಯಿಲ್ಲದ ಚೀಟಿ’, ‘ನೆಲೆ ನಿರಾಕರಣೆ’. ಮೂರನೆಯದು ಸರಿಯಾಗಿದ್ದರೂ ಕೋರ್ಟಿನ ವಾಸನೆ. ಮೊದಲನೆಯದು ನಾಲಿಗೆಗೆ ಸಲೀಸು, ಆದರೆ ಚೀಟಿ ತಗೊಂಡವನು ಊರು ಬಿಡಲೇ ಇಲ್ಲವಲ್ಲ! ಹಳೇ ಶಾನುಭೋಗರ ಕಡತ ನೋಡಿದವರು, ಮುಂಬೈ ಕರ್ನಾಟಕದ ದಫ್ತರದ ಭಾಷೆ ಬಲ್ಲವರು ಇದಕ್ಕೆ ಹತ್ತಿರದ ಮಾತು ಕಂಡಿದ್ದರೆ ತಿಳಿಸಿ. ಹಾಗೇ ಬೇಲಿ ಜಗಳ ನೋಡುವವನಿಗೂ ಒಂದು ಹೆಸರು ಬೇಕು. ಸದ್ಯಕ್ಕೆ ‘ಬೇಲಿ ಪಂಚ’ ಅಂತ ಬರೆದಿಟ್ಟಿದ್ದೇನೆ.