ಸಹಾಯ ಬೇಕು: ಎಚ್ಚರಿಕೆ ಫಲಕಕ್ಕೆ ಸರಳ ಕನ್ನಡ

ಪುಣೆಯ ಕನ್ನಡಿಗರಿಗೆ ನಮಸ್ಕಾರ. ಇಲ್ಲಿನ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ವಿಕಿರಣ ಸುರಕ್ಷತೆಯ ಕೆಲಸ ನನ್ನದು. ಕಸ ಗುಡಿಸಲು ಬರುವ ಅಕ್ಕಂದಿರು ಕಲಬುರಗಿ ಕಡೆಯವರು, ಕನ್ನಡ ಓದಬಲ್ಲರು. ಫಲಕಗಳೋ ಇಂಗ್ಲಿಷ್, ಮರಾಠಿಯಲ್ಲಿವೆ. ಮೊನ್ನೆ ಒಬ್ಬರು ಹಳದಿ ಡಬ್ಬಿಯನ್ನು ಇನ್ನೇನು ಹೊರಗೆ ಸುರಿಯಬೇಕು, ಕೂಗಿ ತಡೆದೆ. ಒಳಗಿದ್ದದ್ದು ಫಾಸ್ಫರಸ್-32 ಎಂಬ ವಿಕಿರಣ ಸೂಸುವ ವಸ್ತು ತಾಗಿದ ಕೈಗವಸು, ಕಾಗದ. ಸುಮಾರು 14 ದಿನಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಐದು ತಿಂಗಳು ಬೀಗದೊಳಗಿಟ್ಟು, ಅಳೆದು ನೋಡಿಯೇ ಹೊರಹಾಕುತ್ತೇವೆ. ತಪ್ಪು ಅವರದಲ್ಲ, ಓದಲಾಗದ ಫಲಕ ನೇತುಹಾಕಿದ ನಮ್ಮದು.

ಕನ್ನಡ ಫಲಕಕ್ಕೆಂದು ನಾನು ಬರೆದ 'ವಿಕಿರಣಶೀಲ ಮಾಲಿನ್ಯ' ಎಂಬ ಮಾತು ಪಠ್ಯಪುಸ್ತಕದಂತಿದೆ. ಆ ಕಡೆಯ ಮಾತು ಬಲ್ಲವರು ನಾಲ್ಕು ಸಾಲು ಬರೆದುಕೊಡುವಿರಾ? ಹೆದರಿಸುವುದು ಬೇಡ. ಡಬ್ಬಿ ಮುಟ್ಟಬೇಡಿ, ಏನಾದರೂ ಚೆಲ್ಲಿದ್ದರೆ ಒರೆಸದೆ ನಮ್ಮನ್ನು ಕರೆಯಿರಿ, ಇಷ್ಟು ತಿಳಿದರೆ ಸಾಕು. ಶುಕ್ರವಾರದೊಳಗೆ ಸಿಕ್ಕರೆ ಉಪಕಾರ.